ಗಾರ್ಮೆಂಟ್ಸ್ ಸಂಘದ ನಾಯಕಿ: ಹೊಲಿಗೆ ಯಂತ್ರದಿಂದ ಕಾರ್ಮಿಕ ಭವನದವರೆಗೆ

2016ರ ಏಪ್ರಿಲ್ 18ರಂದು ಬೆಂಗಳೂರಿನ ಬೊಮ್ಮನಹಳ್ಳಿ ಸುತ್ತಮುತ್ತಲ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಯಂತ್ರ ಬಿಟ್ಟೆದ್ದು ಹೊಸೂರು ರಸ್ತೆಗೆ ಇಳಿದಾಗ ಅವರ ಮುಂದೆ ಯಾವ ಸಂಘದ ಬಾವುಟವೂ ಇರಲಿಲ್ಲ. ಭವಿಷ್ಯನಿಧಿಗೆ (ಪಿಎಫ್) ಮಾಲೀಕರ ಪಾಲಿನಿಂದ ಜಮೆಯಾಗುವ ಹಣವನ್ನು 58 ವರ್ಷ ತುಂಬುವ ತನಕ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ಅದೇ ವರ್ಷದ ಫೆಬ್ರುವರಿ 10ರಂದು ಹೊರಡಿಸಿದ್ದ ಅಧಿಸೂಚನೆ ಅವರನ್ನು ರಸ್ತೆಗೆ ತಂದಿತ್ತು. ಮರುದಿನ ಪೀಣ್ಯ ಮತ್ತು ತುಮಕೂರು ರಸ್ತೆಯ ಕಡೆಯವರೂ ಸೇರಿಕೊಂಡರು. ಲಾಠಿ ಬೀಸಿತು, ಅಶ್ರುವಾಯು ಸಿಡಿಯಿತು, ಹೆಬ್ಬಗೋಡಿ ಪೊಲೀಸ್ ಠಾಣೆಯ ಬಳಿ ವಾಹನಗಳು ಸುಟ್ಟವು. ಏಪ್ರಿಲ್ 19ರಂದೇ ಕೇಂದ್ರ ಸರ್ಕಾರ ಅಧಿಸೂಚನೆಯನ್ನು ಹಿಂದಕ್ಕೆ ಪಡೆಯಿತು. ಎರಡು ತಿಂಗಳ ಆಕ್ಷೇಪಣೆ, ಮನವಿ ಪತ್ರಗಳಿಂದ ಆಗದ ಕೆಲಸ ಎರಡು ದಿನದಲ್ಲಿ ಆಗಿಹೋಯಿತು.

ಆ ಎರಡು ದಿನ ಅಧಿಕಾರಿಗಳಿಗೆ ಎದುರಾದ ಒಂದು ವಿಚಿತ್ರ ತೊಂದರೆಯೆಂದರೆ, ಮಾತುಕತೆಗೆ ಕೂರಿಸಲು ನಾಯಕರೇ ಸಿಗಲಿಲ್ಲ. ಕಾರ್ಖಾನೆಯಿಂದ ಕಾರ್ಖಾನೆಗೆ ಸುದ್ದಿ ಹೋಗಿತ್ತೇ ಹೊರತು ಯಾರೂ ಕರೆ ಕೊಟ್ಟಿರಲಿಲ್ಲ. ನಗರದಲ್ಲಿ ಗಾರ್ಮೆಂಟ್ಸ್ ಸಂಘಗಳು ಆಗಲೇ ಇದ್ದವು, ಅವುಗಳಲ್ಲಿ ಕೆಲವಕ್ಕೆ ಹತ್ತು ವರ್ಷದ ಅನುಭವವೂ ಇತ್ತು. ಆದರೂ ಅವು ಈ ಪ್ರವಾಹದ ಹಿಂದೆ ಓಡಿದವೇ ವಿನಾ ಮುಂದೆ ನಡೆಯಲಿಲ್ಲ. ರಾಜ್ಯದಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನ, ಅವರಲ್ಲಿ ಐವರಿಗೆ ನಾಲ್ವರಂತೆ ಮಹಿಳೆಯರು ದುಡಿಯುವ ಉದ್ಯಮವೊಂದು ಒಂದು ಮಹಾನಗರವನ್ನು ನಿಲ್ಲಿಸುವಷ್ಟು ಶಕ್ತಿಯನ್ನು ಒಳಗೆ ಇಟ್ಟುಕೊಂಡೂ ತನ್ನ ನಾಯಕಿಯರನ್ನು ಏಕೆ ಇಷ್ಟು ವಿರಳವಾಗಿ ಬೆಳೆಸುತ್ತದೆ, ಬೆಳೆದವರನ್ನು ಏಕೆ ಇಷ್ಟು ಬೇಗ ಹೊರಗೆ ತಳ್ಳುತ್ತದೆ ಎಂಬುದು ಅಂದಿನಿಂದ ಉಳಿದಿರುವ ಪ್ರಶ್ನೆ. ಹೆಂಗಸರಿಗೆ ಧೈರ್ಯ ಸಾಲದು, ಮನೆಯವರು ಬಿಡುವುದಿಲ್ಲ, ತಿಳಿವಳಿಕೆ ಕಡಿಮೆ ಎಂಬ ಉತ್ತರಗಳು ಸಲೀಸಾಗಿ ಬರುತ್ತವೆ. ಹೊಸೂರು ರಸ್ತೆಯನ್ನು ಕಂಡವರಿಗೆ ಆ ಉತ್ತರಗಳು ಒಪ್ಪಿಗೆಯಾಗಲಾರವು. ಕೊರತೆ ಇರುವುದು ಧೈರ್ಯದಲ್ಲಲ್ಲ, ಕಾಲೂರಿ ನಿಲ್ಲುವ ನೆಲದಲ್ಲಿ. ಆ ನೆಲ ಸಿಗದಂತೆಯೇ ಈ ಉದ್ಯಮದ ಕೆಲಸದ ರೀತಿ, ಸಂಬಳದ ಲೆಕ್ಕ ಮತ್ತು ಕಾರ್ಖಾನೆಗಳ ಜಾಗ ಎಲ್ಲವೂ ಹೊಂದಿಕೊಂಡು ಕೂತಿವೆ.

ಬೆಂಗಳೂರಿಗೆ ಕಾರ್ಮಿಕ ನಾಯಕರು ಹೊಸಬರಲ್ಲ. 1980ರ ಡಿಸೆಂಬರ್‌ನಲ್ಲಿ ಆರಂಭವಾಗಿ 77 ದಿನ ನಡೆದ ಸಾರ್ವಜನಿಕ ಉದ್ದಿಮೆಗಳ ಮುಷ್ಕರದಲ್ಲಿ ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಮತ್ತು ಬಿಇಎಂಎಲ್ ನೌಕರರು ಒಟ್ಟಿಗೆ ನಿಂತಿದ್ದನ್ನು ನೆನೆಯುವವರು ಇಂದಿಗೂ ಇದ್ದಾರೆ. ಆ ಕಾಲದ ನಾಯಕನಿಗೆ ಕಾಯಂ ನೌಕರಿ ಇತ್ತು, ಕಂಪನಿಯ ಕ್ವಾರ್ಟರ್ಸ್ ಇತ್ತು, ಕಾರ್ಖಾನೆಯ ಆವರಣದಲ್ಲೇ ಸಂಘದ ಕಚೇರಿ ಇತ್ತು, ಸಂಘದ ಕೆಲಸಕ್ಕೆ ಹೋದರೆ ಸಂಬಳ ಕಡಿತವಾಗದಂಥ ಒಪ್ಪಂದಗಳೂ ಇದ್ದವು. ಮೂವತ್ತು ವರ್ಷ ಒಂದೇ ಗೇಟಿನೊಳಗೆ ಹೋಗಿಬರುವ ಗಂಡಸರ ನಡುವೆ ಅವನು ಬೆಳೆದಿದ್ದ. ಅವನ ಎದುರಾಳಿ ಸರ್ಕಾರವೇ ಆದ್ದರಿಂದ ಕಾರ್ಖಾನೆಯನ್ನು ರಾತ್ರೋರಾತ್ರಿ ಎತ್ತಿಕೊಂಡು ಹೋಗುವ ಭಯವೂ ಇರಲಿಲ್ಲ. ಗಾರ್ಮೆಂಟ್ಸ್ ಸಂಘಗಳನ್ನು ಈ ಅಚ್ಚಿನಲ್ಲಿ ಅಳೆದು 'ದುರ್ಬಲ' ಎಂದು ತೀರ್ಪು ಕೊಡುವ ಹಿರಿಯ ಕಾರ್ಮಿಕ ಮುಖಂಡರು ಮರೆಯುವುದು ಇದನ್ನೇ.

ಜವಳಿ ವ್ಯಾಪಾರವನ್ನು ದೇಶವಾರು ಕೋಟಾಗಳಲ್ಲಿ ಕಟ್ಟಿಹಾಕಿದ್ದ ಅಂತರರಾಷ್ಟ್ರೀಯ ವ್ಯವಸ್ಥೆ 2005ರ ಜನವರಿ 1ಕ್ಕೆ ಕೊನೆಗೊಂಡ ಮೇಲೆ ಬೆಂಗಳೂರಿನ ಉಡುಪು ಕಾರ್ಖಾನೆಗಳು ಇನ್ನಷ್ಟು ಹಿಗ್ಗಿದವು. ಮೈಸೂರು ರಸ್ತೆ, ಪೀಣ್ಯ, ಯಶವಂತಪುರ, ಬೊಮ್ಮನಹಳ್ಳಿಗಳಿಗೆ ಮಂಡ್ಯ, ರಾಮನಗರ, ತುಮಕೂರು, ಕೋಲಾರದ ಹಳ್ಳಿಗಳಿಂದ ಬಂದ ಹೆಣ್ಣುಮಕ್ಕಳು ಮೊದಲು ಹೆಲ್ಪರ್ ಆಗಿ ಸೇರಿ, ದಾರ ಕತ್ತರಿಸುತ್ತ, ಬಿಡುವಿನಲ್ಲಿ ಯಂತ್ರದ ಮುಂದೆ ಕೂತು ಕಲಿತು ಟೈಲರ್ ಆದರು. ಸಂಘಗಳು ಹುಟ್ಟತೊಡಗಿದ್ದೂ ಆ ದಶಕದಲ್ಲೇ. 'ಮುನ್ನಡೆ' ಎಂಬ ಮಹಿಳಾ ವೇದಿಕೆ, ಗಾರ್ಮೆಂಟ್ ಅಂಡ್ ಟೆಕ್ಸ್‌ಟೈಲ್ ವರ್ಕರ್ಸ್ ಯೂನಿಯನ್, ಕರ್ನಾಟಕ ಗಾರ್ಮೆಂಟ್ ವರ್ಕರ್ಸ್ ಯೂನಿಯನ್, 2012ರಲ್ಲಿ ಮಹಿಳೆಯರೇ ಮುನ್ನಡೆಸುವ ಗಾರ್ಮೆಂಟ್ ಲೇಬರ್ ಯೂನಿಯನ್ ಹೀಗೆ ಒಂದೊಂದಾಗಿ ಬಂದವು. ಈ ಸಂಘಗಳ ಪರವಾಗಿ ಮಾಧ್ಯಮಗಳಲ್ಲಿ ಕಾಣಿಸಿಕೊಳ್ಳುವ ರುಕ್ಮಿಣಿ ವಿ.ಪಿ., ಪ್ರತಿಭಾ ಆರ್. ಅವರಂಥವರು ಸ್ವತಃ ಹೊಲಿಗೆ ಯಂತ್ರದ ಮುಂದೆ ಕೂತು ದುಡಿದು ಬಂದವರು. ಗಿರಣಿ ಕಾಲದಲ್ಲಿ ವಕೀಲರೋ ಪಕ್ಷದ ಮುಖಂಡರೋ ಸಂಘದ ಅಧ್ಯಕ್ಷರಾಗುತ್ತಿದ್ದ ರೂಢಿಗೆ ಹೋಲಿಸಿದರೆ ಇದು ಸಣ್ಣ ಬದಲಾವಣೆಯಲ್ಲ.

ಲೈನಿನಲ್ಲಿ ಕೂತ ಟೈಲರ್ ನಾಯಕಿಯಾಗುವ ದಾರಿ ಸಾಮಾನ್ಯವಾಗಿ ಯಾವ ಸಿದ್ಧಾಂತದಿಂದಲೂ ಶುರುವಾಗುವುದಿಲ್ಲ. ಬಹುಪಾಲು ಒಂದು ಚೀಟಿಯಿಂದ ಶುರುವಾಗುತ್ತದೆ. ಸಂಬಳದ ಚೀಟಿಯಲ್ಲಿ ಒಂದು ದಿನ ಕಡಿಮೆ ಬಂದಿರುತ್ತದೆ, ಆರೋಗ್ಯ ವಿಮೆಯ ಇಎಸ್‌ಐ ಕಾರ್ಡಿನಲ್ಲಿ ಹೆಸರು ತಪ್ಪಾಗಿರುತ್ತದೆ, ಪಿಎಫ್ ಅರ್ಜಿಗೆ ಆಧಾರ್‌ನ ಇನಿಷಿಯಲ್ ಹೊಂದುವುದಿಲ್ಲ. ಓದು ಬರಹ ಸ್ವಲ್ಪ ಹೆಚ್ಚು ಬಲ್ಲ, ಕಚೇರಿಯವರ ಮುಂದೆ ಮಾತು ತಡವರಿಸದ ಹೆಂಗಸೊಬ್ಬಳು ಅಕ್ಕಪಕ್ಕದವರ ಕೆಲಸ ಮಾಡಿಸಿಕೊಡಲು ತೊಡಗುತ್ತಾಳೆ. ಅಲ್ಲಿಂದ 'ಅಕ್ಕನ್ನ ಕೇಳಿ' ಎಂಬ ಮಾತು ಹುಟ್ಟುತ್ತದೆ. ಉತ್ಪಾದನೆಯ ಟಾರ್ಗೆಟ್ ಮುಟ್ಟದಿದ್ದಾಗ ಸೂಪರ್‌ವೈಸರ್ ಬಳಸುವ ಭಾಷೆಯನ್ನು ಇಲ್ಲಿ ಬರೆಯುವುದು ಬೇಡ. ಗಂಟೆಗೆ ಇಷ್ಟು ಪೀಸ್ ಎಂದು ಬೋರ್ಡಿನ ಮೇಲೆ ಬರೆದ ಅಂಕಿಯೇ ಆ ಭಾಷೆಯನ್ನು ಹುಟ್ಟಿಸುತ್ತದೆ ಎಂಬುದು ಮಾತ್ರ ಹೇಳಬೇಕಾದ ಸಂಗತಿ. ಒಂದು ಷರಟು ಕಾಲರ್, ಕಫ್, ತೋಳು, ಗುಂಡಿ ಎಂದು ಹಂಚಿಹೋಗಿ ಹತ್ತಾರು ಕೈ ದಾಟುತ್ತದೆ. ನಡುವೆ ಒಬ್ಬಳು ಎದ್ದು ಶೌಚಾಲಯಕ್ಕೆ ಹೋದರೆ ಅವಳ ಮುಂದೆ ಬಂಡಲ್ ಗುಡ್ಡೆಯಾಗುತ್ತದೆ, ಅವಳ ನಂತರದವಳು ಖಾಲಿ ಕೂರುತ್ತಾಳೆ. ಹಾಗಾಗಿ ಒಬ್ಬಳು ಎದುರು ಮಾತಾಡಿದ ದಂಡವನ್ನು ಇಡೀ ಲೈನು ತೆರುತ್ತದೆ, ಲೈನಿನವರೇ 'ಸುಮ್ನಿರಮ್ಮಾ' ಎನ್ನುವಂತಾಗುತ್ತದೆ. ಸಂಘಟನೆಗೆ ಮೊದಲ ಅಡ್ಡಿ ಮ್ಯಾನೇಜರನಿಗಿಂತ ಮುಂಚೆ ಈ ಜೋಡಣೆಯಿಂದಲೇ ಬರುತ್ತದೆ.

ಕಾನೂನಿನ ಪುಸ್ತಕದಲ್ಲಿ ಆಕೆಗೆ ವೇದಿಕೆಗಳಿಗೇನೂ ಕಡಿಮೆಯಿಲ್ಲ. ನೂರು ಮತ್ತು ಹೆಚ್ಚು ಜನ ಇರುವ ಕಾರ್ಖಾನೆಯಲ್ಲಿ ಕಾರ್ಯ ಸಮಿತಿ, ಲೈಂಗಿಕ ಕಿರುಕುಳ ತಡೆ ಕಾಯ್ದೆಯಡಿ ಆಂತರಿಕ ಸಮಿತಿ, ಇವುಗಳ ಜೊತೆಗೆ ಕ್ಯಾಂಟೀನ್ ಸಮಿತಿ, ಸುರಕ್ಷತಾ ಸಮಿತಿ ಎಲ್ಲವೂ ಇವೆ. ವಿದೇಶಿ ಖರೀದಿದಾರರ ಆಡಿಟ್ ಬಂದ ದಿನ ಇವುಗಳ ಸದಸ್ಯರ ಫೋಟೊ ನೋಟಿಸ್ ಬೋರ್ಡಿನಲ್ಲಿ ಮಿಂಚುತ್ತದೆ. ಆ ಸದಸ್ಯರನ್ನು ಆರಿಸಿದವರು ಯಾರು ಎಂದು ಕೇಳಿದರೆ ಎಚ್‌ಆರ್ ಎಂಬ ಉತ್ತರ ಬರುವುದೇ ಹೆಚ್ಚು. ಸಂಘಕ್ಕೆ ಸೇರಿದವಳೊಬ್ಬಳು ಇಂಥ ಸಮಿತಿಯೊಳಗೆ ನುಸುಳಿ, ಶಿಶುವಿಹಾರದ ಬಾಗಿಲು ತೆಗೆಸಿದ್ದೋ ಕುಡಿಯುವ ನೀರಿನ ಟ್ಯಾಂಕ್ ತೊಳೆಸಿದ್ದೋ ಹೊರಗಿನವರಿಗೆ ಚಿಕ್ಕದಾಗಿ ಕಾಣಬಹುದು. ನಾಯಕತ್ವ ಗಟ್ಟಿಯಾಗುವುದು ಅಲ್ಲಿಯೇ.

ಇನ್ನು ಹಣದ ವಿಚಾರಕ್ಕೆ ಬಂದರೆ, ಸಂಘಗಳ ಬುಡವನ್ನು ಅಲ್ಲಾಡಿಸುವ ಅತಿ ದೊಡ್ಡ ಕಾರಣ ಅಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಈ ಸಂಬಳದಲ್ಲಿ ಬಾಡಿಗೆ, ರೇಷನ್, ಮಕ್ಕಳ ಶಾಲೆ, ಚೀಟಿ, ಸ್ವಸಹಾಯ ಸಂಘದ ಕಂತು ಕಳೆದ ಮೇಲೆ ಉಳಿತಾಯ ಎಂಬುದು ಇಲ್ಲ. ಪಿಎಫ್ ಒಂದೇ ಉಳಿತಾಯ. ಮಗಳ ಮದುವೆ ಬಂದಾಗ, ಊರಿನಲ್ಲಿ ಸಾಲಗಾರ ಬಾಗಿಲಿಗೆ ಬಂದಾಗ, ಅದನ್ನು ಪೂರ್ತಿಯಾಗಿ ಬಿಡಿಸಿಕೊಳ್ಳಲು ಇರುವ ದಾರಿ ಕೆಲಸ ಬಿಡುವುದು. ಬಿಟ್ಟು, ಕೆಲ ಕಾಲ ಕಾದು, ಹಣ ಪಡೆದು, ಪಕ್ಕದ ಕಾರ್ಖಾನೆಗೆ ಹೊಸಬಳಂತೆ ಸೇರುವುದು ಇಲ್ಲಿನ ರೂಢಿ. 2016ರಲ್ಲಿ ಅಷ್ಟು ಸಿಟ್ಟು ಬಂದದ್ದೂ ಇದಕ್ಕೇ: ಸರ್ಕಾರಕ್ಕೆ ಅದು ವೃದ್ಧಾಪ್ಯದ ಭದ್ರತೆಯಾಗಿ ಕಂಡಿತ್ತು, ಅವರಿಗೆ ಅದು ಮುಂದಿನ ವರ್ಷದ ಶಾಲಾ ಫೀಸಾಗಿತ್ತು. ಆದರೆ ಹೀಗೆ ಬಿಟ್ಟು ಸೇರುವಾಗ ಸೇವಾವಧಿ ಮತ್ತೆ ಸೊನ್ನೆಯಿಂದ ಎಣಿಕೆಯಾಗುತ್ತದೆ. ಐದು ವರ್ಷದ ಸೇವೆಗೆ ಇಡುಗಂಟಾಗಿ ಸಿಗಬೇಕಾದ ಗ್ರಾಚ್ಯುಟಿ ಕೈತಪ್ಪುತ್ತದೆ, ನಾಲ್ಕು ವರ್ಷ ದಾಟಿದವಳನ್ನು ತಾನಾಗಿ ಬಿಡುವಂತೆ ಮಾಡುವುದು ಮಾಲೀಕರಿಗೂ ಲಾಭವಾಗುತ್ತದೆ. ಅದರ ಜೊತೆಗೇ, ಹಳೆಯ ಕಾರ್ಖಾನೆಯಲ್ಲಿ ಎರಡು ವರ್ಷ ಮಾತಾಡಿಸಿ ಸದಸ್ಯೆ ಮಾಡಿಕೊಂಡವಳು ಸಂಘದ ಲೆಕ್ಕದಿಂದ ಮಾಯವಾಗುತ್ತಾಳೆ. ಮೂವತ್ತು ವರ್ಷ ಒಂದೇ ಗೇಟು ಕಂಡ ನಾಯಕನ ಜಾಗದಲ್ಲಿ, ಪ್ರತಿ ಮೂರು ವರ್ಷಕ್ಕೆ ಸದಸ್ಯೆಯರೆಲ್ಲ ಬದಲಾಗುವ ನಾಯಕಿ ನಿಂತಿದ್ದಾಳೆ. ತೂತಾದ ಕೊಡಕ್ಕೆ ನೀರು ತುಂಬಿದಂತೆ ಅವಳ ಕೆಲಸ.

ಗೇಟಿನ ಮುಂದೆ ಕರಪತ್ರ ಹಂಚುವುದು ಸಂಘಟನೆಯ ಹಳೆಯ ವಿಧಾನ. ಗಾರ್ಮೆಂಟ್ಸ್‌ನಲ್ಲಿ ಅದು ಹೆಚ್ಚು ಫಲ ಕೊಡುವುದಿಲ್ಲ, ಏಕೆಂದರೆ ಸಂಜೆ ಗೇಟು ತೆರೆದ ಕೂಡಲೇ ಎಲ್ಲರೂ ಓಡುತ್ತಾರೆ: ಕಂಪನಿಯ ವ್ಯಾನಿಗೆ, ಬಸ್ಸಿಗೆ, ಟ್ಯೂಷನ್ನಿಂದ ಬರುವ ಮಗುವಿಗೆ, ನೀರು ಬರುವ ಹೊತ್ತಿಗೆ. ಗೇಟಿನಲ್ಲಿ ಯಾರು ಕಾಗದ ಪಡೆದರು ಎಂದು ಸೆಕ್ಯುರಿಟಿಯವರು ನೋಡುತ್ತಲೂ ಇರುತ್ತಾರೆ. ಹಾಗಾಗಿ ಇಲ್ಲಿನ ಸಂಘಗಳು ಕಾರ್ಖಾನೆ ಬಿಟ್ಟು ವಠಾರಗಳಿಗೆ ಹೋದವು. ಭಾನುವಾರ ಬಟ್ಟೆ ಒಗೆಯುವ ಹೊತ್ತಿಗೆ ಕಲ್ಲಿನ ಪಕ್ಕ ಕೂತು ಮಾತಾಡುವುದು, ಹಬ್ಬದ ಮುಂಚೆ ಬೋನಸ್ ಲೆಕ್ಕ ಹೇಳಿಕೊಡುವುದು, ಗಂಡನ ಕುಡಿತದ ಜಗಳಕ್ಕೆ ಠಾಣೆಗೆ ಜೊತೆ ಹೋಗುವುದು ಎಲ್ಲವೂ ಸಂಘದ ಕೆಲಸವಾಯಿತು. ಇದರಿಂದ ನಾಯಕಿಯ ಮೇಲಿನ ನಂಬಿಕೆ ಗಾಢವಾಯಿತು. ಆದರೆ ಒಂದೇ ವಠಾರದಲ್ಲಿ ಆರು ಕಾರ್ಖಾನೆಯವರು ಇರುತ್ತಾರೆ, ಒಂದೇ ಕಾರ್ಖಾನೆಯವರು ನಲವತ್ತು ಬೀದಿಗಳಲ್ಲಿ ಹಂಚಿಹೋಗಿರುತ್ತಾರೆ. ವಠಾರದಲ್ಲಿ ಕಟ್ಟಿದ ಬಲವನ್ನು ಒಂದು ಗೇಟಿನ ಮುಂದೆ ಬಹುಮತವಾಗಿ ಒಟ್ಟುಗೂಡಿಸುವುದು ಬೇರೆಯೇ ಕೆಲಸ. ತನ್ನ ಮನೆಯ ಒಲೆ ಹಚ್ಚಿ, ಆರಿಸಿ, ಭಾನುವಾರವನ್ನೂ ಕಳೆದುಕೊಂಡು ಆಕೆ ಇದನ್ನೆಲ್ಲ ಮಾಡಬೇಕು. 1980ರ ನಾಯಕನ ಮನೆಯ ಒಲೆ ಯಾರು ಹಚ್ಚುತ್ತಿದ್ದರು ಎಂಬುದನ್ನು ಕಾರ್ಮಿಕ ಚರಿತ್ರೆ ಹೆಚ್ಚು ಕೇಳಿಲ್ಲ.

ಸಂಘದ ಸದಸ್ಯತ್ವ ಬಯಲಾದ ಮೇಲಿನ ದಿನಗಳು ಎಲ್ಲರಿಗೂ ಒಂದೇ ಬಗೆಯವು. ಮೊದಲು ಲೈನು ಬದಲಾಗುತ್ತದೆ, ಆಮೇಲೆ ಗೊತ್ತಿಲ್ಲದ ಆಪರೇಷನ್ ಕೊಡುತ್ತಾರೆ, ಆಮೇಲೆ ಟಾರ್ಗೆಟ್ ಮುಟ್ಟಿಲ್ಲ ಎಂದು ಮೆಮೊ ಬರುತ್ತದೆ, ಕೊನೆಗೆ ಆಡಳಿತ ಕಚೇರಿಗೆ ಕರೆದು ರಾಜೀನಾಮೆಯ ಕಾಗದ ಮುಂದಿಡುತ್ತಾರೆ. ಕೆಲವೊಮ್ಮೆ ಇದು ಹಲ್ಲೆಗೂ ತಿರುಗಿದೆ. 2018ರ ಏಪ್ರಿಲ್‌ನಲ್ಲಿ ದೇಶದ ಅತಿ ದೊಡ್ಡ ಉಡುಪು ರಫ್ತು ಸಂಸ್ಥೆಯೊಂದರ ಬೆಂಗಳೂರು ಘಟಕದಲ್ಲಿ ಸಂಘ ಕಟ್ಟಿ ಬೇಡಿಕೆ ಪತ್ರ ಕೊಟ್ಟ ಕಾರ್ಮಿಕರನ್ನು ಹೊಡೆದು, ಜಾತಿ ಹಿಡಿದು ಬೈದ ಪ್ರಕರಣವನ್ನು ಅಮೆರಿಕದ ವಾಷಿಂಗ್ಟನ್ನಿನಲ್ಲಿರುವ ವರ್ಕರ್ ರೈಟ್ಸ್ ಕನ್ಸಾರ್ಷಿಯಂ ಎಂಬ ಕಾರ್ಮಿಕ ಹಕ್ಕುಗಳ ಸಂಸ್ಥೆ ತನಿಖೆ ಮಾಡಿ ವರದಿ ಪ್ರಕಟಿಸಿತು. ವಿದೇಶಿ ಬ್ರ್ಯಾಂಡ್‌ಗಳ ಒತ್ತಡ ಬಂದ ಮೇಲೆ ಕಂಪನಿ ಆ ಕಾರ್ಮಿಕರನ್ನು ಮರಳಿ ಸೇರಿಸಿಕೊಂಡಿತು. ಹೊಡೆತ ಬಿದ್ದದ್ದು ಬೆಂಗಳೂರಿನಲ್ಲಿ, ಮದ್ದು ಸಿಕ್ಕಿದ್ದು ವಾಷಿಂಗ್ಟನ್ನಿನಲ್ಲಿ. ಈ ದಾರಿಯ ಬಗ್ಗೆ ಮುಂದೆ ಇನ್ನೂ ಹೇಳುವುದಿದೆ.

ಶ್ರೀರಂಗಪಟ್ಟಣದ ಪ್ರಕರಣವನ್ನು ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ನಾಯಕಿಯ ಬದುಕಿನ ಎಲ್ಲ ಎಳೆಗಳೂ ಅಲ್ಲಿ ಒಟ್ಟಿಗೆ ಸಿಗುತ್ತವೆ. ಗೋಕುಲದಾಸ್ ಎಕ್ಸ್‌ಪೋರ್ಟ್ಸ್ ಕಂಪನಿಯ ಅಲ್ಲಿನ ಘಟಕದಲ್ಲಿ 1,200ಕ್ಕೂ ಹೆಚ್ಚು ಜನ, ಬಹುತೇಕ ಮಹಿಳೆಯರು, ಸ್ವೀಡನ್ನಿನ ಎಚ್ ಅಂಡ್ ಎಂ ಬ್ರ್ಯಾಂಡಿಗೆ ಬಟ್ಟೆ ಹೊಲಿಯುತ್ತಿದ್ದರು. ಕಂಪನಿಯ ಹಲವು ಘಟಕಗಳ ನಡುವೆ ಸಂಘ ಗಟ್ಟಿಯಾಗಿ ಬೇರೂರಿದ್ದುದು ಅಲ್ಲಿ. 2020ರ ಜೂನ್ ಮೊದಲ ವಾರ, ಲಾಕ್‌ಡೌನ್ ಸಡಿಲಗೊಂಡು ಬಸ್ಸುಗಳು ಇನ್ನೂ ಸರಿಯಾಗಿ ಓಡದ ಹೊತ್ತಿನಲ್ಲಿ, ಆರ್ಡರ್ ಇಲ್ಲವೆಂದು ಕಂಪನಿ ಕೆಲಸ ಕೊಡದೆ ಮನೆಗೆ ಕಳಿಸುವ ಲೇ ಆಫ್ ಘೋಷಿಸಿತು. ಆರ್ಡರ್ ಕುಸಿದದ್ದು ನಿಜವೇ ಇರಬಹುದು, ಆ ವರ್ಷ ಜಗತ್ತಿನ ಬಟ್ಟೆ ಅಂಗಡಿಗಳೇ ಮುಚ್ಚಿದ್ದವು. ಆದರೆ ಹಲವು ಘಟಕಗಳ ಪೈಕಿ ಸಂಘವಿದ್ದ ಘಟಕವೇ ಏಕೆ ಎಂಬ ಪ್ರಶ್ನೆಗೆ ಆ ಉತ್ತರ ಸಾಲದು. ನೂರು ಮತ್ತು ಹೆಚ್ಚು ಕಾರ್ಮಿಕರಿರುವ ಕಾರ್ಖಾನೆ ಲೇ ಆಫ್ ಮಾಡಲು ಸರ್ಕಾರದ ಪೂರ್ವಾನುಮತಿ ಪಡೆಯಬೇಕು ಎಂಬುದು ಅಂದಿನ ಕಾನೂನು, ಸಂಘ ಹಿಡಿದುಕೊಂಡ ಎಳೆಯೂ ಅದೇ. ಯಂತ್ರಗಳು ಹೊರಹೋಗದಂತೆ ಹೆಣ್ಣುಮಕ್ಕಳು ವಾರಗಟ್ಟಲೆ ಕಾರ್ಖಾನೆಯ ಬಳಿಯೇ ಧರಣಿ ಕೂತರು. ಸಂಬಳವಿಲ್ಲದ ತಿಂಗಳು ಎಷ್ಟು ಉದ್ದವೆಂದು ಮಾಲೀಕರಿಗೂ ಗೊತ್ತಿತ್ತು: ದಿನ ಕಳೆದಂತೆ ಹಲವರು ರಾಜೀನಾಮೆಗೆ ಸಹಿ ಹಾಕಿ ಸೆಟ್ಲ್‌ಮೆಂಟ್ ಪಡೆದುಕೊಂಡರು. ಬ್ರ್ಯಾಂಡು ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಒಕ್ಕೂಟ ಇಂಡಸ್ಟ್ರಿಆಲ್ ನಡುವೆ 2015ರಿಂದ ಇದ್ದ ಜಾಗತಿಕ ಒಪ್ಪಂದವನ್ನು ಮುಂದಿಟ್ಟುಕೊಂಡು ಮಾತುಕತೆ ಎಳೆದಾಡಿ, 2021ರ ಆರಂಭದಲ್ಲಿ ಕಂಪನಿ ಸಂಘದೊಂದಿಗೆ ಒಪ್ಪಂದಕ್ಕೆ ಬಂತು. ಕೆಲಸ ಕಳೆದುಕೊಂಡವರಿಗೆ ತನ್ನ ಮೈಸೂರಿನ ಘಟಕದಲ್ಲಿ ಕೆಲಸ ಕೊಡಲು ಒಪ್ಪಿತು.

ಇದನ್ನು ಗೆಲುವು ಎಂದವರು ಇದ್ದಾರೆ, ಅವರ ಮಾತಿನಲ್ಲಿ ಹುರುಳಿದೆ. ಮುಚ್ಚಿದ ಕಾರ್ಖಾನೆಯ ಕಾರ್ಮಿಕರನ್ನು ಮರಳಿ ಕರೆಯುವುದಿರಲಿ, ಸಂಘದೊಂದಿಗೆ ಕೂತು ಮಾತಾಡುವುದೇ ಈ ಉದ್ಯಮದಲ್ಲಿ ಅಪರೂಪ. ಆದರೂ ಮೈಸೂರಿನ ಘಟಕಕ್ಕೆ ದಿನಾ ಹೋಗಿಬರಲು ಆಗದವರು, ಅಷ್ಟರಲ್ಲಿ ಊರ ಕೂಲಿಗೆ ಹೋದವರು, ಗರ್ಭಿಣಿಯರಾಗಿದ್ದವರು ಇವರನ್ನೆಲ್ಲ ಎಣಿಸಿದರೆ, ಅಲ್ಲಿ ವರ್ಷಗಟ್ಟಲೆ ಕಟ್ಟಿದ್ದ ಸಂಘ ಅದೇ ರೂಪದಲ್ಲಿ ಇನ್ನೊಂದು ಊರಿಗೆ ಹೋಗಲಾರದು.

ಎರಡನೆಯ ಉದಾಹರಣೆ ಇನ್ನೂ ಒಣ ವಿಷಯದ್ದು, ಆದರೆ ನಾಯಕಿಯ ದಿನಚರಿಗೆ ಹತ್ತಿರದ್ದು. ಕನಿಷ್ಠ ವೇತನದ ಜೊತೆ ಬೆಲೆ ಏರಿಕೆಗೆ ತಕ್ಕಂತೆ ಪ್ರತಿ ವರ್ಷ ಏಪ್ರಿಲ್‌ನಲ್ಲಿ ತುಟ್ಟಿಭತ್ಯೆ ಸೇರುತ್ತದೆ. 2020ರ ಏಪ್ರಿಲ್‌ನಿಂದ ಸೇರಬೇಕಾಗಿದ್ದು ತಿಂಗಳಿಗೆ ಸುಮಾರು 417 ರೂಪಾಯಿ. ಕೋವಿಡ್ ನೆಪದಲ್ಲಿ ರಾಜ್ಯ ಸರ್ಕಾರ ಅದನ್ನು ಮುಂದೂಡಿತು. ಸಂಘಗಳು ಹೈಕೋರ್ಟಿಗೆ ಹೋದವು, 2020ರ ಸೆಪ್ಟೆಂಬರ್‌ನಲ್ಲಿ ನ್ಯಾಯಾಲಯ ಬಾಕಿ ಸಮೇತ ಕೊಡಬೇಕೆಂದಿತು. ಕಾರ್ಖಾನೆಗಳು ಬಹುಪಾಲು ಕೊಡಲಿಲ್ಲ. 417 ರೂಪಾಯಿ ಎಂದರೆ ಅಂಥದ್ದೇನು ಎನ್ನಿಸಬಹುದು. ಅದನ್ನು ನಾಲ್ಕು ಲಕ್ಷ ಜನಕ್ಕೆ ಗುಣಿಸಿದರೆ ತಿಂಗಳಿಗೆ ಹದಿನಾರು ಕೋಟಿ ಮೀರುತ್ತದೆ, ಬಾಕಿ ಉಳಿದದ್ದು ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ. ಈ ಲೆಕ್ಕವನ್ನು ಸಂಬಳದ ಚೀಟಿಗಳಿಂದ ಹೆಕ್ಕಿ, ಕಾರ್ಖಾನೆವಾರು ಪಟ್ಟಿ ಮಾಡಿ, ಯಾವ ಕಾರ್ಖಾನೆಯ ಬಟ್ಟೆ ಯಾವ ಬ್ರ್ಯಾಂಡಿಗೆ ಹೋಗುತ್ತದೆ ಎಂದು ಲೇಬಲ್ ನೋಡಿ ಬರೆದಿಟ್ಟುಕೊಂಡು ಹೊರಗೆ ತಲುಪಿಸಿದವರು ಸ್ಥಳೀಯ ಸಂಘದವರು. ಅಂತರರಾಷ್ಟ್ರೀಯ ಪತ್ರಿಕೆಗಳಲ್ಲಿ ಸುದ್ದಿಯಾಗಿ ಬ್ರ್ಯಾಂಡ್‌ಗಳು ಮುಜುಗರಪಟ್ಟ ಮೇಲೆ, 2022ರ ಆರಂಭದಲ್ಲಿ ದೊಡ್ಡ ಕಂಪನಿಗಳು ಬಾಕಿ ಕೊಡಲು ಒಪ್ಪಿದವು. ಹೈಕೋರ್ಟಿನ ಆದೇಶ ಮಾಡದ ಕೆಲಸವನ್ನು ಲೇಬಲ್ಲಿನ ಹೆಸರು ಮಾಡಿತು.

ಗಾರ್ಮೆಂಟ್ಸ್ ನಾಯಕಿ ಕ್ರಮೇಣ ಪತ್ರಗಾರ್ತಿಯಾಗುವುದು ಹೀಗೆ. ಬನ್ನೇರುಘಟ್ಟ ರಸ್ತೆಯಲ್ಲಿರುವ ಕಾರ್ಮಿಕ ಇಲಾಖೆಯ ಕಾರ್ಮಿಕ ಭವನದಲ್ಲಿ ಸಂಧಾನಾಧಿಕಾರಿಯ ಮುಂದೆ ವಾಯಿದೆ ಮೇಲೆ ವಾಯಿದೆಗೆ ಹಾಜರಾಗುವುದು, ಆಡಳಿತದ ಕಡೆಯವರು ಬಾರದೆ ಸಭೆ ಮುಂದೂಡಿದ್ದನ್ನು ಬರೆದುಕೊಳ್ಳುವುದು, ರಾತ್ರಿ ಕೂತು ಇಂಗ್ಲಿಷ್ ಬಲ್ಲವರಿಂದ ಇ-ಮೇಲ್ ಬರೆಸುವುದು. ಮುಷ್ಕರದ ಬಲವಿಲ್ಲದ ಕಡೆ ಕಾಗದವೇ ಬಲ. ಈ ದಾರಿ ತಪ್ಪೆಂದು ನಾನು ಹೇಳಲಾರೆ, ಏಕೆಂದರೆ ಬೇರೆ ದಾರಿಗಳು ಮುಚ್ಚಿದ್ದವು. ಆದರೆ ಇದಕ್ಕೆ ಬೆಲೆಯಿದೆ. ದೂರಿನ ಫಲ ಆಮ್‌ಸ್ಟರ್‌ಡ್ಯಾಮ್ ಅಥವಾ ವಾಷಿಂಗ್ಟನ್ನಿನ ಸಂಸ್ಥೆಯ ಮೂಲಕ ಬಂದಾಗ, ಲೈನಿನಲ್ಲಿ ಕೂತವಳಿಗೆ ತಾನು ಚಂದಾ ಕೊಟ್ಟು ಸದಸ್ಯೆಯಾದ್ದರಿಂದ ಗೆದ್ದೆ ಎಂಬ ಅನುಭವ ಆಗುವುದಿಲ್ಲ, ಯಾರೋ ಕೊಡಿಸಿದರು ಎನ್ನಿಸುತ್ತದೆ. ಸಂಘದ ಖರ್ಚು ಸದಸ್ಯರ ಚಂದಾದಿಂದ ನಡೆಯದೆ ಯೋಜನೆಯ ಹಣದಿಂದ ನಡೆದರೆ, ನಾಯಕಿಯ ಅರ್ಧ ಸಮಯ ವರದಿ ಬರೆಯುವುದರಲ್ಲಿ ಹೋಗುತ್ತದೆ. ವಿದೇಶಿ ಹಣದ ಸಂಘ ಎಂಬ ಅಪವಾದವನ್ನು ಮಾಲೀಕರೂ ಹೊರಿಸುತ್ತಾರೆ, ಹಳೆಯ ಕೇಂದ್ರ ಸಂಘಟನೆಗಳವರೂ ಒಮ್ಮೊಮ್ಮೆ ಹೊರಿಸುತ್ತಾರೆ. ಬ್ರ್ಯಾಂಡ್ ಇಲ್ಲದ, ಒಳನಾಡಿನ ಮಾರುಕಟ್ಟೆಗೆ ಹೊಲಿಯುವ ಚಿಕ್ಕ ಘಟಕಗಳಿಗಂತೂ ಈ ಅಸ್ತ್ರ ತಾಕುವುದೇ ಇಲ್ಲ.

ನೆರೆಯ ತಮಿಳುನಾಡು ಇಲ್ಲೊಂದು ಪಾಠ ಕೊಟ್ಟಿದೆ. ದಿಂಡಿಗಲ್‌ನ ಕಾರ್ಖಾನೆಯೊಂದರ ಯುವತಿಯನ್ನು ಮೇಲ್ವಿಚಾರಕ 2021ರ ಜನವರಿಯಲ್ಲಿ ಕೊಲೆ ಮಾಡಿದ ಬಳಿಕ, ದಲಿತ ಮಹಿಳೆಯರು ಮುನ್ನಡೆಸುವ ತಮಿಳುನಾಡು ಟೆಕ್ಸ್‌ಟೈಲ್ ಅಂಡ್ ಕಾಮನ್ ಲೇಬರ್ ಯೂನಿಯನ್ ಹೋರಾಟಕ್ಕಿಳಿದು, 2022ರ ಏಪ್ರಿಲ್‌ನಲ್ಲಿ ಕಂಪನಿಯೊಂದಿಗೂ ಎಚ್ ಅಂಡ್ ಎಂ, ಗ್ಯಾಪ್, ಪಿವಿಎಚ್ ಬ್ರ್ಯಾಂಡ್‌ಗಳೊಂದಿಗೂ ಬದ್ಧತೆಯ ಒಪ್ಪಂದ ಮಾಡಿಕೊಂಡಿತು. ಅದರ ತಿರುಳು ಇಷ್ಟೇ: ಲೈನುಗಳಲ್ಲಿ ಕಿರುಕುಳವನ್ನು ಗಮನಿಸಿ ವರದಿ ಮಾಡುವ ಕಾರ್ಮಿಕ ಮಹಿಳೆಯರನ್ನು ಸಂಘವೇ ಆರಿಸಿ ತರಬೇತಿ ಕೊಡುತ್ತದೆ, ಕಂಪನಿ ಒಪ್ಪಂದ ಮೀರಿದರೆ ಬ್ರ್ಯಾಂಡ್‌ಗಳು ವ್ಯಾಪಾರದಲ್ಲಿ ಅದಕ್ಕೆ ಬೆಲೆ ತೆರಿಸಬೇಕು. ಹೊರಗಿನ ಒತ್ತಡವನ್ನು ದೂರು ತೀರಿಸುವುದಕ್ಕೆ ಮಾತ್ರ ಬಳಸದೆ, ಒಳಗೆ ನಾಯಕಿಯರಿಗೆ ಜಾಗ ಮಾಡಿಕೊಡಲು ಬಳಸಿದ್ದು ಅಲ್ಲಿನ ಜಾಣ್ಮೆ. ಕರ್ನಾಟಕದಲ್ಲಿ ಇಂಥದ್ದು ಇನ್ನೂ ಆಗಬೇಕಿದೆ.

ಅಷ್ಟರಲ್ಲಿ ಕಾರ್ಖಾನೆಗಳೇ ಜಾಗ ಬದಲಿಸುತ್ತಿವೆ. ಬೆಂಗಳೂರಿನ ಬಾಡಿಗೆ ಏರಿದಂತೆ ಮದ್ದೂರು, ಹಾಸನ, ಶಿವಮೊಗ್ಗ, ದೊಡ್ಡಬಳ್ಳಾಪುರಗಳತ್ತ ಹೊಸ ಘಟಕಗಳು ಹೋಗಿವೆ, ರಾಜ್ಯದ ಜವಳಿ ನೀತಿಯೂ ಹಿಂದುಳಿದ ತಾಲ್ಲೂಕುಗಳಿಗೆ ಹೋದರೆ ಹೆಚ್ಚು ರಿಯಾಯಿತಿ ಕೊಡುತ್ತದೆ. ಕನಿಷ್ಠ ವೇತನ ವಲಯವಾರು ಬೇರೆಯಾಗಿರುವುದು ಇದಕ್ಕೆ ಇನ್ನೊಂದು ಆಕರ್ಷಣೆ. 2018ರಲ್ಲಿ ಗಾರ್ಮೆಂಟ್ಸ್ ವೇತನ ಏರಿಸುವ ಅಧಿಸೂಚನೆಯೊಂದು ಹೊರಬಿದ್ದು ಕೆಲವೇ ವಾರಗಳಲ್ಲಿ ವಾಪಸಾದದ್ದು ಸಂಘದವರಿಗೆ ಚೆನ್ನಾಗಿ ನೆನಪಿದೆ. 2025ರ ಏಪ್ರಿಲ್‌ನಲ್ಲಿ ಸರ್ಕಾರ ಪ್ರಕಟಿಸಿದ ಕರಡಿನಲ್ಲಿ ಕೌಶಲವಿಲ್ಲದ ಕಾರ್ಮಿಕರಿಗೆ ಬೆಂಗಳೂರು ನಗರದ ವಲಯದಲ್ಲಿ ತಿಂಗಳಿಗೆ 23,376 ರೂಪಾಯಿ, ಮೂರನೆಯ ವಲಯದಲ್ಲಿ 19,319 ರೂಪಾಯಿ ಎಂದಿತ್ತು. ಮೊತ್ತಗಳು ಗಾರ್ಮೆಂಟ್ಸ್‌ನಲ್ಲಿ ಅಂದು ಸಿಗುತ್ತಿದ್ದ ಸಂಬಳಕ್ಕಿಂತ ಬಹಳ ಹೆಚ್ಚು, ಮಾಲೀಕರು ಒಡನೆಯೇ ಗಟ್ಟಿಯಾಗಿ ವಿರೋಧಿಸಿದ್ದೂ ಅದಕ್ಕೇ. ಆದರೆ ವ್ಯತ್ಯಾಸವನ್ನು ಗಮನಿಸಿ: ತಲೆಗೆ ನಾಲ್ಕು ಸಾವಿರಕ್ಕಿಂತ ಹೆಚ್ಚು. ಸಾವಿರ ಜನರ ಕಾರ್ಖಾನೆಗೆ ತಿಂಗಳಿಗೆ ನಲವತ್ತು ಲಕ್ಷ. ವೇತನ ಏರಿಸಲು ಹೋರಾಡುವ ನಾಯಕಿ ವಲಯದ ಪ್ರಶ್ನೆಯನ್ನು ಕೈಬಿಟ್ಟರೆ, ತಾನು ಗೆದ್ದ ದಿನವೇ ಕಾರ್ಖಾನೆ ಲಾರಿ ಹತ್ತಲು ಕಾರಣ ಒದಗಿಸಿದಂತಾಗುತ್ತದೆ. 2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಸರಕಿನ ಮೇಲೆ ಸುಂಕವನ್ನು ಶೇ 50ಕ್ಕೆ ಏರಿಸಿದಾಗ ಆರ್ಡರ್ ಉಳಿಯುವುದೇ ಹೆಚ್ಚು ಎಂಬ ಮಾತು ಕಾರ್ಖಾನೆಗಳ ಒಳಗೂ ಹಬ್ಬಿ, ವೇತನದ ಮಾತೆತ್ತುವವರನ್ನು ಇನ್ನಷ್ಟು ಒಂಟಿಯಾಗಿಸಿತು.

ಬೆಂಗಳೂರಿನಲ್ಲೇ ಉಳಿದ ಕಾರ್ಖಾನೆಗಳ ಲೈನುಗಳಲ್ಲಿ ಈಗ ಕೇಳಿಬರುವುದು ಕನ್ನಡವೊಂದೇ ಅಲ್ಲ. ಒಡಿಶಾ, ಜಾರ್ಖಂಡ್, ಅಸ್ಸಾಂಗಳಿಂದ ಕೌಶಲ ತರಬೇತಿ ಯೋಜನೆಗಳ ಮೂಲಕ ಬಂದ ಹದಿನೆಂಟು ಇಪ್ಪತ್ತರ ಹುಡುಗಿಯರು ಕಂಪನಿಯ ಹಾಸ್ಟೆಲ್‌ಗಳಲ್ಲಿ ಇರುತ್ತಾರೆ. ವಾರದಲ್ಲಿ ಅವರು ಹೊರಬರುವುದು ಭಾನುವಾರ ಕೆಲವು ಗಂಟೆ, ಅದೂ ವಾರ್ಡನ್ ಪುಸ್ತಕದಲ್ಲಿ ಬರೆದು. ಇಪ್ಪತ್ತು ವರ್ಷದಿಂದ ವಠಾರಗಳಲ್ಲಿ ಕನ್ನಡದಲ್ಲಿ ಮಾತಾಡಿ ಸಂಘ ಕಟ್ಟಿದ ನಾಯಕಿಗೆ ಇಲ್ಲಿ ವಠಾರವೂ ಇಲ್ಲ, ಭಾಷೆಯೂ ಇಲ್ಲ. ಕೆಲವು ಸಂಘಗಳು ಹಿಂದಿ, ಒಡಿಯಾ ಬಲ್ಲ ಕಾರ್ಯಕರ್ತೆಯರನ್ನು ಹುಡುಕಿ ಈ ಹುಡುಗಿಯರು ಭಾನುವಾರ ಹೋಗುವ ಮಾರುಕಟ್ಟೆಗಳಲ್ಲಿ, ಚರ್ಚ್‌ಗಳ ಬಳಿ ಮಾತಾಡಿಸಲು ತೊಡಗಿವೆ. ಸ್ಥಳೀಯರಿಗೆ ಕೆಲಸ ತಪ್ಪುತ್ತದೆ ಎಂಬ ಅಸಮಾಧಾನ ಹಳೆಯ ಸದಸ್ಯೆಯರಲ್ಲೂ ಉಂಟು. ಅದನ್ನು ಬೈದು ಅಡಗಿಸುವಂತಿಲ್ಲ, ಬೆಳೆಯಲು ಬಿಡುವಂತೆಯೂ ಇಲ್ಲ.

ಇಷ್ಟೆಲ್ಲದರ ಮೇಲೆ ಈಗ ಕಾನೂನಿನ ನೆಲವೂ ಬದಲಾಗಿದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಕೈಗಾರಿಕಾ ಸಂಬಂಧಗಳ ಸಂಹಿತೆ ನಾಯಕಿಗೆ ನೇರವಾಗಿ ತಗಲುತ್ತದೆ. ಲೇ ಆಫ್, ಮುಚ್ಚುಗಡೆಗೆ ಪೂರ್ವಾನುಮತಿ ಬೇಕಾದ ಕಾರ್ಮಿಕರ ಸಂಖ್ಯೆ 100ರಿಂದ 300ಕ್ಕೆ ಏರಿದೆ. ಶ್ರೀರಂಗಪಟ್ಟಣದಂಥ ದೊಡ್ಡ ಘಟಕ ಈಗಲೂ ಅದರೊಳಗೇ ಬರುತ್ತದೆ, ಆದರೆ ದೊಡ್ಡ ಕಂಪನಿಗಳಿಗೆ ಹೊಲಿದು ಕೊಡುವ ಮಧ್ಯಮ ಘಟಕಗಳು ಹೊರಗುಳಿದವು. ಮುಷ್ಕರಕ್ಕೆ 14 ದಿನ ಮುಂಚೆ ನೋಟಿಸ್ ಕೊಡಬೇಕು, ಅರ್ಧದಷ್ಟು ಜನ ಒಟ್ಟಿಗೆ ಸಾಂದರ್ಭಿಕ ರಜೆ ಹಾಕಿದರೂ ಅದು ಮುಷ್ಕರವೇ. 2016ರ ಆ ಎರಡು ದಿನಗಳನ್ನು ಈ ಅಳತೆಗೋಲಿನಲ್ಲಿ ಇಟ್ಟು ನೋಡಿದರೆ ಅದಕ್ಕೆ ಜಾಗವೇ ಇಲ್ಲ. ನಿಗದಿತ ಅವಧಿಯ ನೌಕರರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ ಎಂಬ ಹೊಸ ನಿಯಮ ಕೇಳಲು ಹಿತವಾಗಿದೆ, ನಾಲ್ಕನೆಯ ವರ್ಷದಲ್ಲಿ ಹೊರದಬ್ಬುವ ಆಟ ಅದರಿಂದ ಸಡಿಲವಾಗಲೂಬಹುದು. ಆದರೆ ಒಪ್ಪಂದ ಮುಗಿದ ದಿನ ನವೀಕರಿಸದೆ ಇರುವ ಅಧಿಕಾರ ಮಾಲೀಕರ ಕೈಯಲ್ಲೇ ಇರುವಾಗ ಯಾವ ಹುಡುಗಿ ಸಂಘದ ರಸೀದಿ ಪಡೆದಾಳು?

ಎಲ್ಲಕ್ಕಿಂತ ಮುಖ್ಯವಾದದ್ದು ಮಾನ್ಯತೆಯ ವಿಚಾರ. ಸಂಘವನ್ನು ಕಾನೂನಿನಂತೆ ಮಾತುಕತೆಗೆ ಕರೆಯಲೇಬೇಕು ಎಂಬ ಕಟ್ಟುಪಾಡು ರಾಜ್ಯದ ಗಾರ್ಮೆಂಟ್ಸ್‌ನಲ್ಲಿ ಈವರೆಗೆ ಇರಲಿಲ್ಲ. ಈಗ ಒಂದು ಸಂಸ್ಥೆಯಲ್ಲಿ ಒಂದಕ್ಕಿಂತ ಹೆಚ್ಚು ಸಂಘಗಳಿದ್ದರೆ, ಹಾಜರಾತಿ ಪುಸ್ತಕದಲ್ಲಿರುವ ಕಾರ್ಮಿಕರಲ್ಲಿ ಶೇ 51ರಷ್ಟು ಬೆಂಬಲ ಇರುವ ಸಂಘವೇ ಮಾತುಕತೆಯ ಸಂಘ. ಯಾರಿಗೂ ಅಷ್ಟಿಲ್ಲದಿದ್ದರೆ ಶೇ 20 ದಾಟಿದ ಸಂಘಗಳು ಸೇರಿ ಪರಿಷತ್ತು. ಮೇಲ್ನೋಟಕ್ಕೆ ಇದೊಂದು ಅವಕಾಶ. ಆದರೆ ಆಡಳಿತವೇ ಒಂದು ಸಂಘ ಹುಟ್ಟುಹಾಕಿ ಎಚ್‌ಆರ್ ಮೂಲಕ ಸಹಿ ಹಾಕಿಸಿಕೊಂಡರೆ, ನೂರಾರು ವಠಾರಗಳಲ್ಲಿ ಸಾವಿರಾರು ಸದಸ್ಯೆಯರನ್ನು ಹೊಂದಿಯೂ ಒಂದೊಂದು ಕಾರ್ಖಾನೆಯಲ್ಲಿ ಶೇ 5 ದಾಟದ ಸಂಘಕ್ಕೆ ಪರಿಷತ್ತಿನ ಕುರ್ಚಿಯೂ ಸಿಗದು. ಹಾಗಾಗಿ ನಗರದಾದ್ಯಂತ ತೆಳುವಾಗಿ ಹರಡಿಕೊಂಡಿರುವುದೋ, ನಾಲ್ಕೈದು ಕಾರ್ಖಾನೆಗಳನ್ನು ಆರಿಸಿಕೊಂಡು ಅಲ್ಲೇ ಬಹುಮತ ಕಟ್ಟುವುದೋ ಎಂಬ ಆಯ್ಕೆಯನ್ನು ಈ ಸಂಘಗಳು ಈಗ ಮಾಡಬೇಕಾಗಿದೆ. ಎರಡನೆಯದೇ ಸರಿ ಎಂದು ನನಗನ್ನಿಸುತ್ತದೆ. ಆರಿಸಿಕೊಂಡ ಕಾರ್ಖಾನೆಯಲ್ಲಿ ಸಾವಿರ ಜನರಿದ್ದರೆ 510 ಸಹಿ ಬೇಕು. ಅವುಗಳಲ್ಲಿ ಒಂದಷ್ಟು ಹಾಸ್ಟೆಲಿನವು, ಒಂದಷ್ಟು ಮುಂದಿನ ತಿಂಗಳು ಪಿಎಫ್ ತೆಗೆಯಲೆಂದು ಕೆಲಸ ಬಿಡುವವರವು, ಪರಿಶೀಲನೆಯ ದಿನ ಹಾಜರಾತಿ ಪುಸ್ತಕ ತರುವವರು ಆಡಳಿತದವರು.